ಬೇಸ್ ಗಿಟಾರ್ ಹಿಡಿಯುವವರು ಯಾರು?

ಕಾಲೇಜು ಹುಡುಗರು ಸೇರಿ ಮ್ಯೂಸಿಕ್ ಬ್ಯಾಂಡ್ ಕಟ್ಟಲು ಹೊರಟರೆ ಮೊದಲ ದಿನ ಏನಾಗುತ್ತದೆ ಎಂಬುದು ನಮಗೆ ಬಾಯಿಪಾಠ. ಹಾಡಲಿಕ್ಕೆ ಇಬ್ಬರು ರೆಡಿ. ಗಿಟಾರಿಗೆ ಮೂವರು. ಕೀಬೋರ್ಡ್ ಒಬ್ಬನ ಮನೆಯಲ್ಲೇ ಉಂಟು. ಡ್ರಮ್ಸ್ ಬಾರಿಸುವವನು ಪಕ್ಕದ ಕಾಲೇಜಿನಲ್ಲಿ ಸಿಗುತ್ತಾನೆ. ಆಮೇಲೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. "ಬೇಸ್ ಯಾರು ಮಾರಾಯಾ?" ಕಡೆಗೆ ಆ ಮೂವರು ಗಿಟಾರಿನವರಲ್ಲಿ ಯಾರು ಸಣ್ಣವನೋ, ಯಾರು ಜಗಳಕ್ಕೆ ನಿಲ್ಲುವುದಿಲ್ಲವೋ, ಅವನ ಕೊರಳಿಗೆ ಬೇಸ್ ಗಿಟಾರ್ ಬೀಳುತ್ತದೆ.

ಮಂಗಳೂರಿನ ಹವ್ಯಾಸಿ ಬ್ಯಾಂಡ್‌ಗಳಲ್ಲಿ ಬೇಸ್ ಬಾರಿಸಿದ ನಮ್ಮಂಥವರಲ್ಲಿ ಹೆಚ್ಚಿನವರು ಹೀಗೆಯೇ ಬಂದವರು. ಈಗ ನಮ್ಮಲ್ಲಿ ಕೆಲವರು ಊರಲ್ಲಿ ಅಂಗಡಿ ನೋಡಿಕೊಳ್ಳುತ್ತೇವೆ, ಕೆಲವರು ಬೆಂಗಳೂರಿನ ಕಚೇರಿಗಳಲ್ಲಿದ್ದೇವೆ, ಕೆಲವರು ಗಲ್ಫ್‌ನಲ್ಲಿದ್ದೇವೆ. ರಜೆಯಲ್ಲಿ ಸೇರಿದಾಗ ಮಾತು ತಿರುಗಿ ಅಲ್ಲಿಗೇ ಬರುತ್ತದೆ. ಈಗಿನ ಹುಡುಗರೂ ಅದೇ ಪ್ರಶ್ನೆ ಕೇಳುತ್ತಾರೆ: "ಯಾರಿಗೂ ಕೇಳದ ವಾದ್ಯವನ್ನು ಯಾಕೆ ಬಾರಿಸಬೇಕು?" ಉತ್ತರ ಹೇಳುವುದು ನಮ್ಮ ಜವಾಬ್ದಾರಿ ಎಂದು ಅನಿಸಿತು.

ಅದು ಎಂತ ವಾದ್ಯ?

ನೋಡಲಿಕ್ಕೆ ಗಿಟಾರಿನ ಹಾಗೆಯೇ ಇರುತ್ತದೆ. ಆದರೆ ಕೊರಳು ಉದ್ದ, ತಂತಿ ದಪ್ಪ. ಸಾಮಾನ್ಯವಾಗಿ ನಾಲ್ಕೇ ತಂತಿ. ಗಿಟಾರಿನ ಕೆಳಗಿನ ಸ್ವರದ ನಾಲ್ಕು ತಂತಿಗಳು ಯಾವ ಸ್ವರದಲ್ಲಿರುತ್ತವೋ ಅದೇ ಸ್ವರಗಳು, ಒಂದು ಸ್ಥಾಯಿ ಕೆಳಗೆ. ತೀರಾ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಂಥ ಸ್ವರವನ್ನು ಕಿವಿಗಿಂತ ಮೊದಲು ಎದೆ ಕೇಳುತ್ತದೆ ಎನ್ನಬಹುದು.

ಹಿಂದೆ ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅದನ್ನು ಸಾಗಿಸುವುದೇ ಒಂದು ಕಷ್ಟ. ದೊಡ್ಡ ಬ್ಯಾಂಡ್ ನಡುವೆ ಅದರ ಸದ್ದು ಕೇಳಿಸುತ್ತಲೂ ಇರಲಿಲ್ಲ. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬವರು 'ಪ್ರಿಸಿಶನ್ ಬೇಸ್' ಎಂಬ ಎಲೆಕ್ಟ್ರಿಕ್ ಬೇಸ್ ಗಿಟಾರ್ ಮಾರುಕಟ್ಟೆಗೆ ತಂದರು. ಕೊರಳಿನ ಮೇಲೆ ಅಡ್ಡಕ್ಕೆ ಲೋಹದ ಫ್ರೆಟ್‌ಗಳಿದ್ದುದರಿಂದ ಸ್ವರ ತಪ್ಪದೆ ಕರಾರುವಾಕ್ಕಾಗಿ ಬರುತ್ತದೆ ಎಂಬುದೇ ಆ ಹೆಸರಿನ ಅರ್ಥ. ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಬಹುದಾದ ಬೇಸ್ ಜನರ ಕೈಗೆ ಬಂದದ್ದು ಹಾಗೆ.

ನಮ್ಮ ಕಡೆ ಮನೆ ಕಟ್ಟುವಾಗ ಮೊದಲು ಪಂಚಾಂಗ ಹಾಕುತ್ತಾರಲ್ಲ, ಹಾಡಿನಲ್ಲಿ ಬೇಸ್ ಅದೇ. ಮನೆ ಒಕ್ಕಲಿಗೆ ಬಂದವರು ಬಾಗಿಲಿನ ಕೆತ್ತನೆ ನೋಡುತ್ತಾರೆ, ಟೈಲ್ಸ್ ನೋಡುತ್ತಾರೆ. ಪಂಚಾಂಗದ ಕಲ್ಲು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಅದು ಕುಸಿದ ದಿನ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಬೇರೆ ದಾರಿಯಿಂದ ಬಂದವರು

ಒತ್ತಾಯಕ್ಕೆ ಬೇಸ್ ಹಿಡಿದೆ ಎಂದು ಬೇಸರ ಪಡುವ ಹುಡುಗರಿಗೆ ನಾವು ಎರಡು ಕಥೆ ಹೇಳುತ್ತೇವೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಬೇಸ್ ಬಾರಿಸಬೇಕೆಂದು ಬಂದವರಲ್ಲ. 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದಾಗ ಅವರ ಬ್ಯಾಂಡಿನ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆ ಕಲಿಯಲು ಬಿಟ್ಟು ಹೋದರು. ಉಳಿದವರಿಗೆ ಆ ಕೆಲಸ ಬೇಡ. ಕೊನೆಗೆ ಪಾಲ್ ಒಪ್ಪಿಕೊಂಡರು, ಅಲ್ಲೇ ಪಿಟೀಲಿನ ಆಕಾರದ ಒಂದು ಅಗ್ಗದ ಹಾಫ್ನರ್ ಬೇಸ್ ಕೊಂಡರು. ಮುಂದೆ ಜಗತ್ತು ಅವರನ್ನು ಗುರುತಿಸಿದ್ದು ಆ ಗಿಟಾರಿನ ಜೊತೆಗೇ.

ಕ್ಯಾರೊಲ್ ಕೇ ಅಮೆರಿಕದ ಗಿಟಾರ್ ವಾದಕಿ. 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬೇಸ್ ವಾದಕ ಬರಲಿಲ್ಲ. ಅವರನ್ನೇ ಬಾರಿಸಲು ಹೇಳಿದರು. ಆಮೇಲೆ ಸಾವಿರಾರು ರೆಕಾರ್ಡಿಂಗ್‌ಗಳಲ್ಲಿ ಅವರ ಕೈ ಇದೆ.

ಮೂರನೆಯದು ಸ್ವಲ್ಪ ಬೇಜಾರಿನ ಕಥೆ. ಡೆಟ್ರಾಯ್ಟ್‌ನ ಮೋಟೌನ್ ಕಂಪನಿಯ 1960ರ ದಶಕದ ಎಷ್ಟೋ ಪ್ರಸಿದ್ಧ ಹಾಡುಗಳಲ್ಲಿ ಬೇಸ್ ಬಾರಿಸಿದವರು ಜೇಮ್ಸ್ ಜೇಮರ್ಸನ್. ಬಲಗೈಯ ಒಂದೇ ಬೆರಳಿನಿಂದ ಬಾರಿಸುತ್ತಿದ್ದರು. ಆ ಕಾಲದಲ್ಲಿ ಮೋಟೌನ್ ರೆಕಾರ್ಡ್‌ಗಳ ಮೇಲೆ ವಾದ್ಯದವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಹಾಡು ಜಗತ್ತಿಗೆಲ್ಲ ಗೊತ್ತು, ಬಾರಿಸಿದವರು ಯಾರೆಂದು ಗೊತ್ತಿಲ್ಲ. 1983ರಲ್ಲಿ ಅವರು ತೀರಿಕೊಂಡರು. 2000ದಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ನೆನೆಯಿತು. ನಮ್ಮ ಊರಿನ ವೇದಿಕೆಯಲ್ಲಿ ನಿರೂಪಕರು ಎಲ್ಲರ ಹೆಸರು ಹೇಳಿ ಬೇಸ್‌ನವನನ್ನು ಮರೆತಾಗ ನಾವು ಜೇಮರ್ಸನ್‌ರನ್ನು ನೆನೆದು ಸುಮ್ಮನಾಗುತ್ತೇವೆ.

ನಮ್ಮ ದೇಶದಲ್ಲೂ ದೊಡ್ಡವರಿದ್ದಾರೆ. ಇಂಡಿಯನ್ ಓಶನ್ ಬ್ಯಾಂಡಿನ ರಾಹುಲ್ ರಾಮ್ ಬೇಸ್ ಬಾರಿಸುತ್ತಲೇ ಹಾಡುತ್ತಾರೆ. ಪರಿಸರ ವಿಷಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಮುಂಬೈಯ ಮೋಹಿನಿ ಡೇ ಬೇಸ್ ವಾದಕರಾದ ತಂದೆಯಿಂದಲೇ ಎಳವೆಯಲ್ಲಿ ಕಲಿತು ಎ.ಆರ್. ರಹಮಾನ್ ಅವರ ಜೊತೆ ಬಾರಿಸಿದವರು. ಕನ್ನಡದವರಿಗೆ ಬೇಸ್ ಎಂದರೇನು ಎಂದು ತೋರಿಸಲು ನಾವು ಇಳಯರಾಜ ಅವರ ಹಾಡುಗಳನ್ನು ಕೇಳಿಸುತ್ತೇವೆ. ಶಂಕರ್ ನಾಗ್ ಅವರ 'ಗೀತಾ' (1981), ಅದಾದ ಮೇಲೆ ಬಂದ 'ಪಲ್ಲವಿ ಅನುಪಲ್ಲವಿ' (1983). ಹಾಡುವವರನ್ನು ಬಿಟ್ಟು ಕೆಳಗಿನ ಸ್ವರಕ್ಕೆ ಕಿವಿ ಕೊಡಿ. ಅಲ್ಲಿ ಇನ್ನೊಂದು ಹಾಡು ತನ್ನಷ್ಟಕ್ಕೆ ಹೋಗುತ್ತಿರುತ್ತದೆ.

ಕಡಿಮೆ ಬಾರಿಸುವ ಕಷ್ಟ

"ಎಂತ ಉಂಟು ಅದರಲ್ಲಿ, ಟುಂಯ್ ಟುಂಯ್ ಮಾಡಿದರಾಯ್ತು" ಎನ್ನುವವರು ಬಹಳ. ಒಂದು ಮಾತು ಒಪ್ಪೋಣ: ಒಂದು ಹಾಡಿಗೆ ಬೇಕಾದಷ್ಟು ಬೇಸ್ ಕಲಿಯಲು ತಿಂಗಳುಗಳು ಬೇಡ. ಹವ್ಯಾಸಿ ಬ್ಯಾಂಡ್‌ಗಳಿಗೆ ಅದೇ ಅನುಕೂಲ. ಆದರೆ ಆ ಒಂದೇ ಹಾಡನ್ನು ನಾಲ್ಕು ನಿಮಿಷ, ವೇಗ ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ, ಡ್ರಮ್ಸ್‌ನವನ ಬಲಗಾಲಿನ ಪೆಟ್ಟಿಗೆ ಸರಿಯಾಗಿ ಬಾರಿಸಲು ವರ್ಷಗಳು ಬೇಕು. ಸ್ವರವನ್ನು ಎಲ್ಲಿ ಹಿಡಿಯಬೇಕು ಎಂಬುದಕ್ಕಿಂತ ಎಲ್ಲಿ ಬಿಡಬೇಕು ಎಂಬುದು ಕಷ್ಟ. ತಂತಿಯ ಮೇಲಿಟ್ಟ ಬೆರಳು ಸರಿಯಾಗಿ ಒತ್ತದಿದ್ದರೆ ಸದ್ದು ಕಲಸಿಹೋಗುತ್ತದೆ.

ಇದರಲ್ಲಿ ನಮ್ಮ ಹುಡುಗರಿಗೆ ಒಂದು ಲಾಭ ಉಂಟು. ದಫ್ ತಂಡದಲ್ಲಿ ಬೆಳೆದವನಿಗೆ ಗುಂಪಿನ ತಾಳ ಹೊಸತಲ್ಲ. ದಫ್‌ನಲ್ಲಿ ಒಬ್ಬನೇ ಮಿಂಚಲಿಕ್ಕೆ ಹೋದರೆ ಇಡೀ ಸಾಲು ಕೆಡುತ್ತದೆ. ಎಲ್ಲರ ಕೈ ಒಟ್ಟಿಗೆ ಬೀಳಬೇಕು, ಒಟ್ಟಿಗೆ ನಿಲ್ಲಬೇಕು. ಬೇಸ್‌ಗೆ ಬೇಕಾದ ಅಭ್ಯಾಸವೂ ಅದೇ. ಗಿಟಾರ್ ಕ್ಲಾಸಿಗೆ ಎಂದೂ ಹೋಗದ ದಫ್ ಹುಡುಗ ಎರಡು ವಾರದಲ್ಲಿ ಬೇಸ್ ಹಿಡಿದು ನಿಂತದ್ದನ್ನು ನಾವು ನೋಡಿದ್ದೇವೆ.

ಬೆರಳಿನ ಕಷ್ಟ ಬೇರೆ. ಮೊದಲ ತಿಂಗಳು ತುದಿಗಳಲ್ಲಿ ಬೊಬ್ಬೆ ಏಳುತ್ತದೆ, ಮೆಲ್ಲಗೆ ಚರ್ಮ ಗಟ್ಟಿಯಾಗುತ್ತದೆ. ನಾಲ್ಕು ಕಿಲೋ ತೂಗುವ ಮರ ಎರಡು ಗಂಟೆ ಹೆಗಲಲ್ಲಿ ನೇತಾಡಿದರೆ ಬೆನ್ನು ಹೇಳುತ್ತದೆ. ಅಗಲದ ಪಟ್ಟಿ ಹಾಕಿದರೆ ಸ್ವಲ್ಪ ಸುಖ. ನಮ್ಮ ಕರಾವಳಿಯ ಮಳೆಗಾಲಕ್ಕೆ ತಂತಿ ತುಕ್ಕು ಹಿಡಿಯುತ್ತದೆ, ಕೊರಳು ಬಾಗುತ್ತದೆ. ಬೇಸ್ ತಂತಿ ಗಿಟಾರ್ ತಂತಿಗಿಂತ ದುಬಾರಿ. ಹಾಗಾಗಿ ಹಳೆಯ ತಂತಿ ಬಿಚ್ಚಿ ಬಿಸಿನೀರಲ್ಲಿ ಕುದಿಸಿ, ಒರೆಸಿ, ಮತ್ತೆ ಹಾಕುವ ಉಪಾಯ ಎಲ್ಲ ಬೇಸ್‌ನವರಿಗೂ ಗೊತ್ತು. ಜಿಡ್ಡು ಹೋಗಿ ಕೆಲವು ದಿನ ಸದ್ದು ಚುರುಕಾಗುತ್ತದೆ. ಉಮ್ಮನ ಸಾರಿನ ಪಾತ್ರೆಯನ್ನು ಮಾತ್ರ ಇದಕ್ಕೆ ಮುಟ್ಟಬೇಡಿ!

ಇನ್ನೊಂದು ಎಚ್ಚರ: ಗಿಟಾರಿನ ಸಣ್ಣ ಆ್ಯಂಪ್‌ಗೆ ಬೇಸ್ ಸಿಕ್ಕಿಸಿ ಜೋರು ಇಟ್ಟರೆ ಅದರ ಸ್ಪೀಕರ್ ಹರಿಯುವ ಸಂಭವ ಹೆಚ್ಚು. ಸಾಲ ತಂದ ಆ್ಯಂಪ್ ಆದರೆ ಗೆಳೆತನವೂ ಹರಿಯುತ್ತದೆ.

ಮನೆಯ ಮಾತು

ನಮ್ಮ ಮನೆಗಳಲ್ಲಿ ತಂತಿವಾದ್ಯ ಸುಲಭದ ಸಂಗತಿಯಲ್ಲ. ದಫ್ ಆಗಬಹುದು, ಗಿಟಾರ್ ಬೇಡ ಎನ್ನುವ ಹಿರಿಯರು ತುಂಬ ಇದ್ದಾರೆ. ಬೇರೆ ಅಭಿಪ್ರಾಯದವರೂ ಇದ್ದಾರೆ. ಅದರ ತೀರ್ಮಾನ ಹೇಳುವುದು ಉಲಮಾಗಳ ಕೆಲಸ, ನಮ್ಮದಲ್ಲ. ನಾವು ಹೇಳುವುದು ಮನೆಯೊಳಗೆ ಏನಾಗುತ್ತದೆ ಎಂಬುದನ್ನು ಮಾತ್ರ.

ಉಮ್ಮನಿಗೆ ಇಷ್ಟವಿಲ್ಲ ಎಂದು ಬೇಸ್ ಕೆಳಗಿಟ್ಟ ಗೆಳೆಯರು ನಮ್ಮಲ್ಲಿದ್ದಾರೆ. ಅವರನ್ನು ಯಾರೂ ಗೇಲಿ ಮಾಡಬಾರದು. ಅದೂ ಒಂದು ದೊಡ್ಡ ಮನಸ್ಸು. ಮನೆಯವರ ಜೊತೆ ಕೂತು ಮಾತನಾಡಿ, ಇಷ್ಟು ಹೊತ್ತು, ಇಂಥ ಕಡೆ ಎಂದು ಒಪ್ಪಿಸಿ ಬಾರಿಸಿದವರೂ ಇದ್ದಾರೆ. ಹಾಳಾದದ್ದು ಮೂರನೆಯ ದಾರಿ: ಗಿಟಾರನ್ನು ಗೆಳೆಯನ ಮನೆಯಲ್ಲಿ ಅಡಗಿಸಿಟ್ಟು, ಟ್ಯೂಷನ್ ಎಂದು ಹೇಳಿ ಪ್ರಾಕ್ಟೀಸಿಗೆ ಹೋಗುವುದು. ಒಂದು ದಿನ ಯಾರದೋ ಮೊಬೈಲಿನಲ್ಲಿ ವೀಡಿಯೊ ಬರುತ್ತದೆ. ಆಗ ಬಾಪನಿಗೆ ನೋವಾಗುವುದು ಗಿಟಾರಿನಿಂದಲ್ಲ, ಸುಳ್ಳಿನಿಂದ. ಆಮೇಲೆ ವರ್ಷಗಟ್ಟಲೆ ಊಟದ ಹೊತ್ತಿನಲ್ಲಿ ಮಾತಿಲ್ಲದ ಮನೆ ನಮಗೆ ಗೊತ್ತು.

ನಮ್ಮ ಬ್ಯಾಂಡ್‌ಗಳಲ್ಲಿ ಕ್ರೈಸ್ತ, ಹಿಂದೂ ಗೆಳೆಯರು ಇದ್ದೇ ಇರುತ್ತಾರೆ. ಮಂಗಳೂರಿನ ಕೊಂಕಣಿ ಮದುವೆಗಳಲ್ಲಿ ಲೈವ್ ಬ್ಯಾಂಡ್ ಹಳೆಯ ರೂಢಿ. ಬೇಸ್‌ನ ಮೊದಲ ಪಾಠ ಹೆಚ್ಚಿನವರಿಗೆ ಸಿಕ್ಕಿದ್ದು ಅಂಥ ಮನೆಯ ಸಹಪಾಠಿಗಳಿಂದ. ಅಸರ್ ನಂತರ ಶುರುಮಾಡಿ ಮಗ್ರಿಬ್‌ಗೆ ನಿಲ್ಲಿಸುವ ಪ್ರಾಕ್ಟೀಸ್. ಬಾಂಗ್ ಕೇಳುವ ಮೊದಲೇ "ನಿಮಗೆ ಹೊತ್ತಾಯ್ತು ನೋಡಿ" ಎಂದು ಆ್ಯಂಪ್ ಬಂದ್ ಮಾಡುತ್ತಿದ್ದವರು ಅವರೇ.

ನೆರೆಹೊರೆಯ ಮಾತೂ ಉಂಟು. ತೀರಾ ಕೆಳಗಿನ ಸ್ವರದ ಒಂದು ಅಲೆಯ ಉದ್ದ ಎಂಟು ಮೀಟರ್‌ಗಿಂತ ಹೆಚ್ಚು. ಹಾಡುವವರ ದನಿ ಬಾಗಿಲು ಹಾಕಿದರೆ ಕಡಿಮೆಯಾಗುತ್ತದೆ, ಬೇಸ್ ಗೋಡೆ ದಾಟಿ ಹೋಗುತ್ತದೆ. ಫ್ಲಾಟ್‌ನಲ್ಲಿರುವವರು ಹೆಡ್‌ಫೋನ್ ಹಾಕಿಯೇ ಅಭ್ಯಾಸ ಮಾಡಬೇಕು.

ಮೊಬೈಲಿನಲ್ಲಿ ಕಾಣೆಯಾಗುವ ಮಗ

ಒಪ್ಪಿದ ಮನೆಗಳಲ್ಲೂ ಒಂದು ತಮಾಷೆ ನಡೆಯುತ್ತದೆ. ಕಾಲೇಜು ಡೇಯ ವೀಡಿಯೊ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ. ಉಮ್ಮ ನೋಡುತ್ತಾರೆ, ಅಕ್ಕ ನೋಡುತ್ತಾಳೆ, ದಮ್ಮಾಮ್‌ನಿಂದ ಮಾಮ ನೋಡುತ್ತಾರೆ. "ಚೆಂದ ಆಗಿದೆ ಮೋನೆ. ಆದರೆ ನೀನು ಬಾರಿಸಿದ್ದು ಎಲ್ಲಿ?" ಮಗನ ಮುಖ ಸಪ್ಪೆ. ಮೊಬೈಲಿನ ಬೆರಳುಗಾತ್ರದ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಎಬ್ಬಿಸುವ ಶಕ್ತಿ ಇಲ್ಲ. ಹಾಡಿದವನು ಕೇಳುತ್ತಾನೆ, ಗಿಟಾರ್ ಕೇಳುತ್ತದೆ. ಬೇಸ್ ಬಾರಿಸಿದವನು ಸುಮ್ಮನೆ ಮರ ಹಿಡಿದು ನಿಂತ ಹಾಗೆ ಕಾಣುತ್ತಾನೆ.

ಈ ಸಣ್ಣ ಮಾತಿಗೇ ಬೇಸ್ ಬಿಟ್ಟ ಹುಡುಗರಿದ್ದಾರೆ. ಹದಿನೆಂಟರ ಪ್ರಾಯದಲ್ಲಿ ಮನೆಯವರೇ "ನೀನೆಂತ ಮಾಡಿದ್ದು?" ಎಂದು ಕೇಳಿದರೆ ತಡೆಯುವುದು ಸುಲಭವಲ್ಲ.

ಟ್ರ್ಯಾಕ್ ಬಂದ ಮೇಲೆ

ಈಗ ಎಷ್ಟೋ ಕಾರ್ಯಕ್ರಮಗಳಲ್ಲಿ ವಾದ್ಯವೇ ಬೇಡ. ಒಂದು ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್, ಅದರ ಮೇಲೆ ಹಾಡು. ರಸಮಂಜರಿ ತಂಡಗಳಲ್ಲೂ ಕೀಬೋರ್ಡ್‌ನವರು ಎಡಗೈಯಲ್ಲೇ ಬೇಸ್ ಮುಗಿಸುತ್ತಾರೆ. ಖರ್ಚು ಕಡಿಮೆ ಮಾಡಬೇಕೆಂದಾಗ ಮೊದಲು ಕೈಬಿಡುವುದು ಬೇಸ್‌ನವನನ್ನು. ಒಮ್ಮೆ ಒಂದು ಸಭಾಂಗಣದಲ್ಲಿ "ಹಾಲ್ ಗುಂಯ್‌ಗುಡುತ್ತದೆ" ಎಂದು ಸೌಂಡ್‌ನವರು ನಮ್ಮ ಬೇಸ್‌ನ ಲೈನನ್ನೇ ಬಂದ್ ಮಾಡಿದರು. ಎರಡನೇ ಹಾಡಿಗೆ ಡ್ರಮ್ಸ್ ಓಡತೊಡಗಿತು, ಹಾಡುವವನ ಶ್ರುತಿ ಜಾರಿತು. ಮುಂದಿನ ಸಾಲಿನ ಜನ ಎದ್ದು ಐಸ್‌ಕ್ರೀಮ್ ಕಡೆ ಹೊರಟರು. ಏನು ತಪ್ಪಿತೆಂದು ಅವರಿಗೆ ಹೇಳಲಿಕ್ಕೆ ಬರುವುದಿಲ್ಲ. ಏನೋ ತಪ್ಪಿದೆ ಎಂದು ಮಾತ್ರ ಗೊತ್ತು.

ನಮ್ಮೊಳಗೂ ಜಗಳವಿದೆ. ಬೆರಳಲ್ಲಿ ಬಾರಿಸಬೇಕೋ ಪಿಕ್ ಹಿಡಿಯಬೇಕೋ, ನಾಲ್ಕು ತಂತಿ ಸಾಕೋ ಐದು ಬೇಕೋ, ಹೆಬ್ಬೆರಳಿನಿಂದ ಬಡಿಯುವ ಸ್ಲ್ಯಾಪ್ ಎಷ್ಟರ ಮಟ್ಟಿಗೆ ಸರಿ? ಹುಡುಗರು ಯೂಟ್ಯೂಬ್ ನೋಡಿ ಸ್ಲ್ಯಾಪ್‌ನಿಂದಲೇ ಶುರುಮಾಡುತ್ತಾರೆ. ನಮ್ಮ ಅನುಭವದ ಮಾತು: ಮೊದಲು ಒಂದು ಹಾಡನ್ನು ಅಲುಗಾಡದೆ ಬಾರಿಸಿ. ನಿಮ್ಮನ್ನು ಮತ್ತೊಮ್ಮೆ ಕರೆಯುವುದು ಅದಕ್ಕೆ, ಸ್ಲ್ಯಾಪ್‌ಗೆ ಅಲ್ಲ.

ಕರೆ ಬರುವುದಂತೂ ನಿಜ. ದುಬೈಗೆ ಹೋದ ನಮ್ಮ ಗೆಳೆಯರ ಅನುಭವ ಇದು. ಅಲ್ಲಿ ಹಾಡುವವರಿಗೂ ಗಿಟಾರಿನವರಿಗೂ ಬರಗಾಲವಿಲ್ಲ. "ಬೇಸ್ ಬರ್ತದೆ" ಎಂದರೆ ಸಾಕು, ಕೇರಳದವರು, ಗೋವಾದವರು, ಫಿಲಿಪೀನ್ಸ್‌ನವರು ಕೂಡ ಬಾ ಎನ್ನುತ್ತಾರೆ. ಮೊದಲು ಶುಕ್ರವಾರ ರಜೆಯಲ್ಲಿ ಸೇರುತ್ತಿದ್ದರು. 2022ರಿಂದ ಅಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂದ ಮೇಲೆ ಶನಿವಾರ ಸಂಜೆ. ಬೆಡ್‌ಸ್ಪೇಸ್‌ನಲ್ಲಿ ಆರು ಜನರ ನಡುವೆ ಬದುಕುವವನಿಗೆ ವಾರದಲ್ಲಿ ಎರಡು ಗಂಟೆ ಐದು ಜನ ಕಾದು ಕೂತಿರುತ್ತಾರೆ ಎಂಬುದು ಸಣ್ಣ ಸಂಗತಿಯಲ್ಲ.

ನಾವು ಉಳಿದದ್ದು ಇದಕ್ಕೇ. ಚಪ್ಪಾಳೆ ಹಾಡುವವನಿಗೆ ಹೋಗಲಿ. ಆದರೆ ಬೇಸ್‌ನವನು ಬರದ ದಿನ ಪ್ರಾಕ್ಟೀಸೇ ನಡೆಯುವುದಿಲ್ಲ ಎಂಬುದು ಬ್ಯಾಂಡಿನ ಎಲ್ಲರಿಗೂ ಗೊತ್ತು. ಮನೆಯಲ್ಲಿ, ಜಮಾಅತ್‌ನಲ್ಲಿ, ಮದುವೆ ಮನೆಯ ಅಡುಗೆ ಕೊಟ್ಟಿಗೆಯಲ್ಲಿ ಕೂಡ ಇಂಥವನೊಬ್ಬ ಇರುತ್ತಾನೆ. ಹೆಸರು ಯಾರೂ ಹೇಳುವುದಿಲ್ಲ, ಅವನಿಲ್ಲದೆ ಕೆಲಸ ಮುಗಿಯುವುದೂ ಇಲ್ಲ.

ಬ್ಯಾಂಡ್ ಕಟ್ಟುವ ಹುಡುಗರಿಗೆ ನಮ್ಮದೊಂದು ಮಾತು: ಬೇಸನ್ನು ಸೋತವನ ಕೊರಳಿಗೆ ಹಾಕಬೇಡಿ, ನಿಮ್ಮಲ್ಲಿ ತಾಳ ಯಾರಿಗೆ ಗಟ್ಟಿಯೋ ಅವನನ್ನು ಕೇಳಿ ಕೊಡಿ. ಮನೆಯವರಿಗೂ ಒಂದು ಮಾತು: ಮುಂದಿನ ಸಲ ಮಗನ ವೀಡಿಯೊ ಬಂದಾಗ ಒಂದು ಒಳ್ಳೆಯ ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಕೇಳಿ. ಅವನು ಅಲ್ಲಿ ಇದ್ದಾನೆ.