ಸೂರ್ಯಕಾಂತಿಗೆ ಲೆಕ್ಕ ಕಲಿಸಿದ್ದು ಯಾರು?

ಪ್ರಶ್ನೆ: ಸೂರ್ಯಕಾಂತಿ ಹೂವಿನ ಬೀಜಗಳು ಒಂದು ದಿಕ್ಕಿಗೆ 34, ಇನ್ನೊಂದು ದಿಕ್ಕಿಗೆ 55 ಸುರುಳಿಗಳಾಗಿ ಜೋಡಣೆಯಾಗಿರುತ್ತವೆಯಂತೆ. ಇಷ್ಟು ಕರಾರುವಾಕ್ಕಾದ ಲೆಕ್ಕ ದೇವರಿಲ್ಲದೆ ಸಾಧ್ಯವೇ?

ಉತ್ತರ: ಅನೇಕ ಹೂಗಳಲ್ಲಿ ಈ ಲೆಕ್ಕ ನಿಜ, 34, 55 ಎರಡೂ ಫಿಬೊನಾಚಿ ಸಂಖ್ಯೆಗಳು, ಅಂದರೆ ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ಸಿಗುವ ಸರಣಿಯವು. ಆದರೆ ಗಿಡ ಎಣಿಸುವುದಿಲ್ಲ. ಬೆಳೆಯುವ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ಶೇಖರವಾದ ಕಡೆ ಮುಂದೆ ಬೀಜವಾಗುವ ಹೊಸ ಕಿರುಹೂ ಮೊಳೆಯುತ್ತದೆ. ಮೊಳೆತದ್ದು ಸುತ್ತಲಿನ ಆಕ್ಸಿನ್ನನ್ನು ತನ್ನತ್ತ ಸೆಳೆದುಕೊಳ್ಳುವುದರಿಂದ ಮುಂದಿನದು ದೂರ ಸರಿದೇ ಹುಟ್ಟಬೇಕು, ಬಸ್ಸು ಹತ್ತಿದವರು ಪಕ್ಕದಲ್ಲಿ ಯಾರೂ ಇಲ್ಲದ ಸೀಟು ಹುಡುಕುವ ಹಾಗೆ. ಹೀಗೆ ಒಂದಾದ ಮೇಲೊಂದು ಸುಮಾರು 137.5 ಡಿಗ್ರಿ ತಿರುಗಿ ಕೂರುತ್ತವೆ. ಸುರುಳಿಗಳು ತಾವಾಗಿಯೇ ಮೂಡುತ್ತವೆ.

1992ರಲ್ಲಿ ಫ್ರಾನ್ಸಿನ ದುವಾದಿ ಮತ್ತು ಕೂದೆ ಎಂಬ ಭೌತವಿಜ್ಞಾನಿಗಳು ಗಿಡವೇ ಇಲ್ಲದೆ ಇದನ್ನು ಮಾಡಿ ತೋರಿಸಿದರು. ಕಾಂತಕ್ಷೇತ್ರದಲ್ಲಿಟ್ಟ ಎಣ್ಣೆಯ ತಟ್ಟೆಯ ನಡುವೆ ಕಾಂತೀಯ ದ್ರವವನ್ನು ಹನಿಹನಿಯಾಗಿ ಬೀಳಿಸಿದರು. ಒಂದನ್ನೊಂದು ವಿಕರ್ಷಿಸುತ್ತ ಅಂಚಿನತ್ತ ಸರಿದ ಆ ಕಪ್ಪು ಹನಿಗಳು ಅದೇ ಸುರುಳಿಗಳನ್ನು ಬಿಡಿಸಿದವು. ಎಷ್ಟು ಸುಂದರ ಪ್ರಯೋಗ!

ಹಾಗಾಗಿ ಸುರುಳಿಯನ್ನು ದೇವರ ಪರ ಸಾಕ್ಷಿಗೆ ಕರೆಯಲಾಗದು. ಇಂಥ ನಿಯಮಗಳಾದರೂ ಏಕಿವೆ ಎಂದು ಕೇಳಿದರೆ, ಆ ಪ್ರಶ್ನೆ ತೆರೆದೇ ಇದೆ. ನಂಬುವವರೂ ನಂಬದವರೂ ಅದನ್ನು ಕೇಳಬಹುದು.