ತೆಗೆದಿಟ್ಟ ಎದೆಹಾಲು ತಂಗಳಲ್ಲ

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೊರಡುವ ತಾಯಂದಿರು ಎದೆಹಾಲನ್ನು ಪಂಪಿನಿಂದ ತೆಗೆದಿಟ್ಟು ಹೋಗಬಹುದು. ಅದು ತಂಗಳು, ಮಗುವಿಗೆ ಆಗದು ಎಂದು ಮನೆಯ ಹಿರಿಯರು ಹೇಳುವುದುಂಟು. ಇದು ಸರಿಯಲ್ಲ. ಶುಚಿಯಾಗಿ ತೆಗೆದು ಮುಚ್ಚಿಟ್ಟ ಹಾಲು 25 ಡಿಗ್ರಿ ಸೆಲ್ಸಿಯಸ್ ಮೀರದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಕೆಡುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಾತ್ರ ಹೊರಗಿಡಬೇಡಿ. ಕರೆಂಟು ಪದೇ ಪದೇ ಹೋಗುವ ಊರಾದರೆ ಅಂದಿನದು ಅಂದಿಗೇ ಮುಗಿಯಲಿ.

ರಬ್ಬರ್ ಬುರುಡೆಯನ್ನು ಅದುಮುವ, ಹಳೆಯ ಆಟೋ ಹಾರ್ನಿನಂಥ ಅಗ್ಗದ ಪಂಪು ಬೇಡವೇ ಬೇಡ. ಹಾಲು ಬುರುಡೆಯೊಳಗೆ ಸೇರಿಕೊಳ್ಳುತ್ತದೆ, ತೊಳೆಯಲು ಬಾರದು. ಹಿಡಿಕೆ ಒತ್ತುವ, ಭಾಗಗಳನ್ನೆಲ್ಲ ಬಿಚ್ಚಿ ತೊಳೆದು ಕುದಿಸಬಹುದಾದ ಪಂಪು ಕೊಳ್ಳಿ. ಅದಿಲ್ಲದಿದ್ದರೆ ಚೆನ್ನಾಗಿ ತೊಳೆದ ಕೈಯಿಂದಲೇ ಹಿಂಡಬಹುದು.

ಮೊದಲ ದಿನ ಎರಡು ಚಮಚ ಬಂತೆಂದು, ಹಾಲೇ ಇಲ್ಲವೆಂದುಕೊಂಡು ಡಬ್ಬಿ ಪುಡಿಗೆ ಓಡುವವರಿದ್ದಾರೆ. ಮಗು ಚೀಪಿದಷ್ಟು ಹಾಲನ್ನು ಸಾಮಾನ್ಯವಾಗಿ ಪಂಪು ಎಳೆಯಲಾರದು. ಮಗು ದಿನಕ್ಕೆ ಆರೇಳು ಬಾರಿ ಮೂತ್ರ ಮಾಡುತ್ತ, ತೂಕವೂ ಏರುತ್ತಿದ್ದರೆ ಹಾಲು ಸಾಕಷ್ಟಿದೆ ಎಂದೇ ಅರ್ಥ.

ತೆಗೆದಿಟ್ಟ ಹಾಲನ್ನು ಒಲೆಯ ಮೇಲೆ ಕಾಯಿಸಬೇಡಿ. ಪಾತ್ರೆಯನ್ನು ಬೆಚ್ಚನೆಯ ನೀರಿನಲ್ಲಿಟ್ಟರೆ ಸಾಕು. ಮೇಲೆ ತೇಲುವ ಕೆನೆ ಹಾಲು ಕೆಟ್ಟ ಗುರುತಲ್ಲ, ಮೆಲ್ಲಗೆ ಅಲುಗಿಸಿದರೆ ಬೆರೆಯುತ್ತದೆ. ಕುಡಿಸಲು ಬಾಟಲಿಗಿಂತ ಅಜ್ಜಿಯ ಒಳಲೆಯೇ ಮೇಲು, ತೊಳೆಯುವುದೂ ಸುಲಭ.