ಬೆಂಕಿಗೆ ಎದುರಾಗಿ ನಿಂತವರ ದಿನ

ಪ್ರತಿ ವರ್ಷ ಏಪ್ರಿಲ್ 14ರ ಬೆಳಿಗ್ಗೆ ದೇಶದ ಅಗ್ನಿಶಾಮಕ ಠಾಣೆಗಳ ಅಂಗಳದಲ್ಲಿ ಸಿಬ್ಬಂದಿ ಸಾಲಾಗಿ ನಿಲ್ಲುತ್ತಾರೆ. ಕರ್ತವ್ಯದಲ್ಲಿ ಮಡಿದವರ ಹೆಸರಿಗೆ ಹೂವು ಸಲ್ಲುತ್ತದೆ. ಕೆಲ ಹೊತ್ತು ಎಲ್ಲರೂ ಮೌನವಾಗಿರುತ್ತಾರೆ. ಅದೇ ದಿನ ಅಂಬೇಡ್ಕರ್ ಜಯಂತಿಯೂ ಆದ್ದರಿಂದ ಜನರ ಗಮನ ಅತ್ತ ಇರುವುದು ಸಹಜವೇ. ಹೀಗಾಗಿ ಠಾಣೆಯ ಗೋಡೆಯೊಳಗಿನ ಈ ಮೌನದ ಹಿಂದೆ ಏನಿದೆ ಎಂಬುದು ಹೊರಗಿನ ಬಹಳಷ್ಟು ಮಂದಿಗೆ ತಿಳಿದಿಲ್ಲ. ಅದನ್ನು ಅರಿಯಬೇಕಾದರೆ 1944ರ ಮುಂಬಯಿಗೆ ಹೋಗಬೇಕು.

ಎರಡನೆಯ ಮಹಾಯುದ್ಧದ ಕಾಲ. 'ಫೋರ್ಟ್ ಸ್ಟಿಕೀನ್' ಎಂಬ ಸರಕು ಹಡಗು ಇಂಗ್ಲೆಂಡಿನಿಂದ ಹೊರಟು, ಕರಾಚಿಯನ್ನು ಮುಟ್ಟಿ, ಏಪ್ರಿಲ್ 12ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ಗೆ ಬಂದು ನಿಂತಿತು. ಅದರಲ್ಲಿ ಸುಮಾರು 1,400 ಟನ್ ಸಿಡಿಮದ್ದು ಇತ್ತು. ಜೊತೆಗೆ ಯುದ್ಧವಿಮಾನಗಳು, ಚಿನ್ನದ ಗಟ್ಟಿಗಳು ಇದ್ದವು. ಸಾಲದ್ದಕ್ಕೆ ಕರಾಚಿಯಲ್ಲಿ ಹತ್ತಿಯ ಬೇಲುಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಹೇರಲಾಗಿತ್ತು. ಹತ್ತಿಯನ್ನೂ ಮದ್ದನ್ನೂ ಒಂದೇ ಹಡಗಿನಲ್ಲಿಡುವುದು ಎಂಥ ಅಪಾಯವೆಂದು ಬಲ್ಲವರು ಇದ್ದರು. ಆದರೆ ಯುದ್ಧದ ಅವಸರದಲ್ಲಿ ಅಂಥ ಮಾತು ನಡೆಯುವಂತಿರಲಿಲ್ಲ. ಬಂದು ಎರಡು ದಿನವಾದರೂ ಮದ್ದಿನ ಬಹುಪಾಲು ಹಡಗಿನ ಹೊಟ್ಟೆಯಲ್ಲೇ ಇತ್ತು.

14ರ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಹತ್ತಿ ತುಂಬಿದ ಕೋಣೆಯಿಂದ ಹೊಗೆ ಕಾಣಿಸಿಕೊಂಡಿತು. ಅಗ್ನಿಶಾಮಕ ದಳದವರು ಬಂದು ಕೊಳವೆಗಳನ್ನು ಒಳಗೆ ಬಿಟ್ಟರು. ಒತ್ತಿ ಕಟ್ಟಿದ ಹತ್ತಿಯ ಬೇಲಿನಲ್ಲಿ ಬೆಂಕಿ ಹೊರಗೆ ಉರಿಯದೆ ಒಳಗೊಳಗೇ ಬೇಯುತ್ತದೆ. ಹೊಗೆಯ ದಟ್ಟಣೆಯಲ್ಲಿ ಅದರ ಮೂಲವೇ ಸಿಗಲಿಲ್ಲ. 900 ಟನ್ನಿಗೂ ಹೆಚ್ಚು ನೀರು ಸುರಿದ ಮೇಲೂ ಕಾವು ಇಳಿಯಲಿಲ್ಲ. ಹಡಗಿನ ಸುತ್ತಲಿನ ನೀರೇ ಕುದಿಯತೊಡಗಿತು. ಹಡಗನ್ನು ಅಲ್ಲೇ ಮುಳುಗಿಸಬೇಕೆ, ಸಮುದ್ರಕ್ಕೆ ಎಳೆದೊಯ್ಯಬೇಕೆ, ನೀರು ಹೊಡೆಯುತ್ತಲೇ ಇರಬೇಕೆ ಎಂದು ಮೇಲಿನವರಲ್ಲಿ ಚರ್ಚೆ ನಡೆಯಿತು. ಇದೇ ಎಂದು ನಿರ್ಧರಿಸಿ ಆಜ್ಞೆ ಕೊಡುವವರು ಇರಲಿಲ್ಲ. ಕೊಳವೆ ಹಿಡಿದವರು ಮಾತ್ರ ತಮ್ಮ ಜಾಗ ಬಿಡಲಿಲ್ಲ.

ಮೂರು ಗಂಟೆ ಐವತ್ತು ನಿಮಿಷಕ್ಕೆ ಹಡಗು ಬಿಡುವಂತೆ ಆಜ್ಞೆಯಾಯಿತು. ನಾಲ್ಕು ಗಂಟೆ ಆರು ನಿಮಿಷಕ್ಕೆ ಮೊದಲ ಸ್ಫೋಟ. ಅರ್ಧ ಗಂಟೆಯೊಳಗೆ ಅದಕ್ಕಿಂತ ದೊಡ್ಡದಾದ ಎರಡನೆಯದು. ದೂರದ ಸಿಮ್ಲಾದ ಭೂಕಂಪಮಾಪಕಗಳೂ ಆ ನಡುಕವನ್ನು ದಾಖಲಿಸಿದವು. ಉರಿಯುವ ಹತ್ತಿ ನಗರದ ಮೇಲೆ ಮಳೆಯಂತೆ ಸುರಿದು ದಕ್ಕೆಯ ಆಚೆಗಿನ ಬಡಾವಣೆಗಳು ಹೊತ್ತಿಕೊಂಡವು. ಸರ್ಕಾರದ ಲೆಕ್ಕದಲ್ಲೇ ಸತ್ತವರು 700ಕ್ಕೂ ಹೆಚ್ಚು. ನಿಜವಾದ ಸಂಖ್ಯೆ ಇನ್ನೂ ದೊಡ್ಡದೆಂದು ಹೇಳುವವರಿದ್ದಾರೆ. ಸುಮಾರು 80,000 ಮಂದಿ ಮನೆ ಕಳೆದುಕೊಂಡರು. ಅಗ್ನಿಶಾಮಕ ದಳದವರು 66 ಮಂದಿ ಮಡಿದರು. ಅವರ ಒಡನಾಡಿಗಳಿಗೆ ಅಳಲೂ ಬಿಡುವಿರಲಿಲ್ಲ. ಬೆಂಕಿ ಹತೋಟಿಗೆ ಬರಲು ಮೂರು ದಿನ ಹಿಡಿಯಿತು.

ಇಷ್ಟು ದೊಡ್ಡ ದುರಂತ ನಡೆದರೂ ದೇಶ ಕೂಡಲೇ ಕಂಬನಿ ಮಿಡಿಯಲಿಲ್ಲ. ಮಿಡಿಯಲು ಸುದ್ದಿಯೇ ತಲುಪಿರಲಿಲ್ಲ. ಶತ್ರುವಿಗೆ ತಿಳಿದೀತೆಂದು ಬ್ರಿಟಿಷ್ ಸರ್ಕಾರ ವರದಿಗಳನ್ನು ತಡೆಹಿಡಿಯಿತು. ವಿಪರ್ಯಾಸವೆಂದರೆ, ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ಮರುದಿನವೇ ವಿವರವಾಗಿ ಸುದ್ದಿ ಬಿತ್ತರಿಸಿತು. ಪತ್ರಕರ್ತರಿಗೆ ಹೊರಗೆ ವರದಿ ಕಳಿಸಲು ಅನುಮತಿ ದೊರೆತದ್ದು ಮೇ ತಿಂಗಳಲ್ಲಿ. ಸಾವಿನ ಮನೆಗೆ ನೆರೆಹೊರೆಯವರು ಬರುವುದು ನಮ್ಮಲ್ಲಿ ದೊಡ್ಡ ಸಮಾಧಾನ. ಆದರೆ ಸುದ್ದಿ ಮುಟ್ಟದಿದ್ದರೆ ಯಾರು ತಾನೇ ಬಂದಾರು? ಮುಂಬಯಿಯ ಆ ಮನೆಗಳ ದುಃಖಕ್ಕೆ ಊರಾಚೆಯ ನೆರೆ ಒದಗಿದ್ದು ತಡವಾಗಿ.

ಸ್ವತಂತ್ರ ಭಾರತ ಈ ಬಾಕಿಯನ್ನು ತನ್ನದೇ ಬಗೆಯಲ್ಲಿ ತೀರಿಸಿತು. ಏಪ್ರಿಲ್ 14 ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನವಾಯಿತು. ಮುಂಬಯಿಯ ಬೈಕಲಾದಲ್ಲಿರುವ ದಳದ ಕೇಂದ್ರ ಕಚೇರಿಯಲ್ಲಿ ಸ್ಮಾರಕವಿದೆ. ಬೆಂಗಳೂರು ಸೇರಿ ಕರ್ನಾಟಕದ ಠಾಣೆಗಳಲ್ಲೂ ಆ ದಿನ ಮಡಿದವರ ಸ್ಮರಣೆ ನಡೆಯುತ್ತದೆ. ಹಲವು ರಾಜ್ಯಗಳಲ್ಲಿ ಗಣ್ಯರ ಎದೆಗೆ ಪುಟ್ಟ ಧ್ವಜ ಚುಚ್ಚುವ ಪದ್ಧತಿಯುಂಟು.

ಇಂಥ ದಿನಗಳು ಬೇರೆಡೆಯೂ ಇವೆ. ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರಂದು ಆ ನಗರದ ಅಗ್ನಿಶಾಮಕ ಇಲಾಖೆಯ 343 ಮಂದಿ ತೀರಿಕೊಂಡರು. ಅಂದು ಸತ್ತವರೆಲ್ಲರ ಹೆಸರುಗಳನ್ನು ಪ್ರತಿ ವರ್ಷ ಒಂದೊಂದಾಗಿ ಗಟ್ಟಿಯಾಗಿ ಓದಲಾಗುತ್ತದೆ. ಆಸ್ಟ್ರೇಲಿಯಾದ ಲಿಂಟನ್ ಬಳಿಯ ಕಾಡ್ಗಿಚ್ಚಿನಲ್ಲಿ 1998ರಲ್ಲಿ ಐವರು ಸ್ವಯಂಸೇವಕರು ಸತ್ತ ಬಳಿಕ ಮೇ 4 ಅಂತರರಾಷ್ಟ್ರೀಯ ಅಗ್ನಿಶಾಮಕರ ದಿನವಾಯಿತು. ಬೆಂಕಿಗೆ ಕೆಂಪು, ನೀರಿಗೆ ನೀಲಿ ಎಂದು ಎರಡು ಬಣ್ಣದ ಪಟ್ಟಿಯನ್ನು ಜನ ಧರಿಸುತ್ತಾರೆ. ಹೆಸರು ಓದುವುದು, ಪಟ್ಟಿ ಧರಿಸುವುದು, ಧ್ವಜ ಚುಚ್ಚುವುದು ಎಲ್ಲದರ ಹುರುಳು ಒಂದೇ. ಮಡಿದವರು ಒಂದು ಇಲಾಖೆಗೆ ಮಾತ್ರ ಸೇರಿದವರಲ್ಲ, ಊರಿನವರು ಎಂದು ಹತ್ತು ಜನರ ಎದುರಿಗೆ ಒಪ್ಪಿಕೊಳ್ಳುವುದು.

ಭಾರತದ ಆಚರಣೆ ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿದೆ. ಶ್ರದ್ಧಾಂಜಲಿ ಒಂದು ದಿನಕ್ಕೆ ಮುಗಿಯದೆ ವಾರವಿಡೀ ಪಾಠವಾಗುತ್ತದೆ. ಶಾಲೆ, ಕಾರ್ಖಾನೆ, ಆಸ್ಪತ್ರೆಗಳಿಗೆ ಸಿಬ್ಬಂದಿಯೇ ಹೋಗಿ ಬೆಂಕಿ ಹತ್ತಿದರೆ ಏನು ಮಾಡಬೇಕೆಂದು ತೋರಿಸುತ್ತಾರೆ. ಸತ್ತವರ ನೆನಪಿನಲ್ಲಿ ಇದ್ದವರ ಜೀವ ಉಳಿಸುವ ವಿದ್ಯೆ ಹೇಳಿಕೊಡುವುದು ಅರ್ಥವಿರುವ ಶ್ರಾದ್ಧವೇ ಸರಿ.

ಆದರೆ ಪಾಠ ಕೇಳಿದವರು ಮರೆತರೆ ಸ್ಮರಣೆ ಬರಿಯ ಶಾಸ್ತ್ರವಾಗುತ್ತದೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರುವರಿ 23ರಂದು ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತಾಗ, ಬಹುಮಹಡಿ ಕಟ್ಟಡಗಳಿಂದ ಹೊರಬರುವ ದಾರಿಗಳ ಪ್ರಶ್ನೆ ಮತ್ತೆ ಎದ್ದಿತು. ಮೆಟ್ಟಿಲ ಕೆಳಗೆ ಹಳೆಯ ಸಾಮಾನು ತುಂಬುವುದು, ತುರ್ತು ಬಾಗಿಲಿಗೆ ಬೀಗ ಹಾಕುವುದು, ಗಾಡಿ ನುಗ್ಗಲಾರದಂತೆ ಓಣಿಯಲ್ಲಿ ವಾಹನ ನಿಲ್ಲಿಸುವುದು ನಮಗೆ ಸಣ್ಣ ವಿಷಯ. ಕೊಳವೆ ಹಿಡಿದು ಒಳಗೆ ನುಗ್ಗುವವನಿಗೆ ಅದು ಸಾವು ಬದುಕಿನ ಪ್ರಶ್ನೆ.

ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿಯನ್ನೂ ಮದ್ದನ್ನೂ ಒಂದೆಡೆ ಇಟ್ಟವರು ಬೇರೆ, ಅದನ್ನು ಆರಿಸಲು ಹೋಗಿ ಸುಟ್ಟುಹೋದವರು ಬೇರೆ. ಏಪ್ರಿಲ್ 14ರಂದು ಠಾಣೆಗಳಲ್ಲಿ ಹೂವಿಟ್ಟು ನೆನೆಯುವುದು ಎರಡನೆಯವರನ್ನು. ಮೊದಲನೆಯವರ ತಪ್ಪು ಮರುಕಳಿಸದಂತೆ ನೋಡಿಕೊಳ್ಳುವ ಕೆಲಸ ಮಾತ್ರ ಠಾಣೆಯ ಹೊರಗಿನವರದು.